ಪಹಣಿ ಇಲ್ಲದವಳ ಬಡ್ಡಿ

(ನಾಗಮಂಗಲ ತಾಲ್ಲೂಕಿನ ಒಂದು ಊರು. ಒಬ್ಬರು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತ ಬಂದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಮೈಕ್ರೋ ಫೈನಾನ್ಸ್ ಕಂಪನಿಯೊಂದರಲ್ಲಿ ಕಂತು ವಸೂಲಿಯ ಕೆಲಸದಲ್ಲಿರುವವಳು.)

ಮಗಳು: ದೊಡ್ಡಮ್ಮ, ನಮ್ಮ ಕಂಪನಿ ಸುದ್ದಿ ಎತ್ತಿದರೆ ಸಾಕು, ನಿನ್ನ ಮುಖ ಗಂಟಾಗುತ್ತೆ. ಇವತ್ತು ಕೇಳೇಬಿಡ್ತೀನಿ. ಬ್ಯಾಂಕಿಗೆ ಹೋದ ಹೆಂಗಸನ್ನ ಮಧ್ಯಾಹ್ನದವರೆಗೂ ನಿಲ್ಲಿಸಿ, ನಾಳೆ ಬಾ ಅಂತಾರೆ. ನಾವು ಅವಳ ಬೀದಿಗೇ ಹೋಗ್ತೀವಿ. ಆಧಾರು, ವೋಟರ್ ಐಡಿ ನೋಡಿ, ಮನೆ ನೋಡಿ, ವಾರದೊಳಗೆ ಖಾತೆಗೆ ದುಡ್ಡು ಹಾಕ್ತೀವಿ. ಅಡವಿಡೋ ಮಾತೇ ಇಲ್ಲ. ಇದರಲ್ಲಿ ತಪ್ಪೇನಿದೆ?

ದೊಡ್ಡಮ್ಮ: ನೀನು ದುಡಿದು ತಿನ್ನೋದರಲ್ಲಿ ನನಗ್ಯಾವ ತಪ್ಪೂ ಕಾಣೋದಿಲ್ಲ ಕಣೇ. ನಾನು ಕೇಳೋದು ಬೇರೆ. ನಿಮ್ಮ ಕಂಪನಿ ಬರೋತನಕ ನಮ್ಮ ಹೆಂಗಸರಿಗೆ ಬೇರೆಲ್ಲೂ ಸಾಲ ಯಾಕೆ ಹುಟ್ಟಲಿಲ್ಲ? ಕಂತು ಕಟ್ಟೋಕೆ ನಿಮ್ಮ ಸೆಂಟರ್ ಮೀಟಿಂಗಿಗೆ ಬರೋರನ್ನ ನೋಡು. ಬೆಳಿಗ್ಗೆ ಎದ್ದು ಹಾಲು ಕರೀತಾರೆ, ರಾಗಿ ಹೊಲದಲ್ಲಿ ಕಳೆ ಕೀಳ್ತಾರೆ, ನಾಟಿಗೆ ಹೋಗ್ತಾರೆ. ಬೇಸಾಯದ ಮುಕ್ಕಾಲು ಕೆಲಸ ಅವರದೇ. ಅವರಲ್ಲಿ ಎಷ್ಟು ಜನರ ಹೆಸರಲ್ಲಿ ಪಹಣಿ ಇದೆ?

ಮಗಳು: ನಾವು ಪಹಣಿ ಕೇಳೋದೇ ಇಲ್ಲವಲ್ಲ.

ದೊಡ್ಡಮ್ಮ: ನೀವು ಕೇಳೋದಿಲ್ಲ, ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ, ಅದೇ ವಿಎಸ್‌ಎಸ್‌ಎನ್‌ನಲ್ಲಿ ಕೇಳ್ತಾರೆ. ಅಲ್ಲಿ ಪಹಣಿ ಕೊಟ್ಟು ಬೆಳೆಸಾಲ ತಗೊಂಡು, ಹೊತ್ತಿಗೆ ಸರಿಯಾಗಿ ಕಟ್ಟಿದವನಿಗೆ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ. 2023ರಲ್ಲಿ 3 ಲಕ್ಷ ಇದ್ದದ್ದನ್ನ ಸರ್ಕಾರ 5 ಮಾಡಿತು. ಬಡ್ಡಿನ ಸರ್ಕಾರವೇ ಕಟ್ಟುತ್ತೆ. ಈಗ ನಮ್ಮ ಸಂಘದ ಲೆಕ್ಕ ನೋಡು. ಸಂಜೀವಿನಿ ಯೋಜನೆಯ ಲೆಕ್ಕದಲ್ಲಿ ಬ್ಯಾಂಕು ಸಂಘಕ್ಕೆ 3 ಲಕ್ಷದವರೆಗೆ ನೂರಕ್ಕೆ 7ರ ಬಡ್ಡಿಗೆ ಕೊಡುತ್ತೆ. ನಾವು 15 ಜನ. ಒಬ್ಬೊಬ್ಬರಿಗೆ ಬಂದದ್ದು 20 ಸಾವಿರ. ಅದರಲ್ಲಿ ಒಂದು ಸೀಮೆಹಸುವಿನ ಹಗ್ಗ ಹಿಡಿಯೋಕೂ ಆಗೋದಿಲ್ಲ. ಉಳಿದದ್ದಕ್ಕೆ ನಿಮ್ಮ ಹತ್ತಿರ ಬರ್ತಾರೆ. ನಿಮ್ಮ ಬಡ್ಡಿ ಎಷ್ಟು?

ಮಗಳು: ವರ್ಷಕ್ಕೆ 24 ಹತ್ತಿರ ಬೀಳುತ್ತೆ. ಆದರೆ ದೊಡ್ಡಮ್ಮ, ಗಂಡಸರಿಗೂ 5 ಲಕ್ಷ ಯಾರೂ ಸುಮ್ಮನೆ ಎಣಿಸಿಕೊಡೋದಿಲ್ಲ. ಎಕರೆಗೆ ಇಷ್ಟು, ಬೆಳೆಗೆ ಇಷ್ಟು ಅಂತ ಲೆಕ್ಕ ಹಾಕ್ತಾರೆ. ಷೇರು ಕಟ್ಟಿರಬೇಕು, ಡೈರೆಕ್ಟರ ಗುರುತಿನವನಾಗಿರಬೇಕು. ಅರ್ಧ ಎಕರೆಯವನಿಗೆ ಏನು ಸಿಗುತ್ತೆ ಹೇಳು.

ದೊಡ್ಡಮ್ಮ: ಕಡಿಮೆಯೇ ಸಿಗುತ್ತೆ, ಒಪ್ಪಿದೆ. ಆದರೂ ಆ ಅರ್ಧ ಎಕರೆಯವನಿಗೆ ಬಡ್ಡಿ ಇಲ್ಲ. ಅದೇ ಅರ್ಧ ಎಕರೆಯಲ್ಲಿ ದುಡಿಯೋ ಅವನ ಹೆಂಡತಿಗೆ 24. 2015-16ರ ಕೃಷಿ ಗಣತಿಯಲ್ಲಿ ಇಡೀ ದೇಶದ ಹಿಡುವಳಿಗಳಲ್ಲಿ ಹೆಂಗಸರವು ನೂರಕ್ಕೆ 14ರಷ್ಟೇ. ಹೆಂಗಸರಿಗೆ ಆರ್ಥಿಕ ಬಲ ತುಂಬ್ತೀವಿ ಅಂತ ಶಾಮಿಯಾನ ಹಾಕಿ ಭಾಷಣ ಮಾಡಿಸ್ತಾರೆ, ಹೊಲಿಗೆ ಮೆಷಿನ್ ಕೊಡ್ತಾರೆ. ಬೇಡ ಅನ್ನಲ್ಲ. ಆದರೆ ಒಂದೇ ಮನೆಯಲ್ಲಿ ಗಂಡನ ಸಾಲಕ್ಕೊಂದು ಬಡ್ಡಿ, ಹೆಂಡತಿ ಸಾಲಕ್ಕೊಂದು ಬಡ್ಡಿ ಯಾಕೆ ಅಂತ ಆ ವೇದಿಕೆ ಮೇಲೆ ಯಾರೂ ಮಾತೆತ್ತೋದಿಲ್ಲ.

ಮಗಳು: ಹಾಗಾದರೆ ನಿಮ್ಮ ಸಂಘ? ನೀವೂ ಒಳಗೊಳಗೆ ಎರಡು ರೂಪಾಯಿ ಬಡ್ಡಿಗೆ ಕೊಡ್ತೀರಲ್ಲ. ತಿಂಗಳಿಗೆ ನೂರಕ್ಕೆ ಎರಡು ಅಂದರೆ ವರ್ಷಕ್ಕೆ 24. ನಮ್ಮದೂ ಅಷ್ಟೇ.

ದೊಡ್ಡಮ್ಮ: ಕೇಳಬೇಕಾದ್ದನ್ನೇ ಕೇಳಿದೆ. ನಮ್ಮ ಸಂಘದ ಬಡ್ಡಿ ಹೋಗೋದೆಲ್ಲಿಗೆ? ಸಂಘದ ಖಾತೆಗೇ. ವರ್ಷದ ಕೊನೆಗೆ ಲಾಭ ಹಂಚಿದಾಗ ಬಡ್ಡಿ ಕಟ್ಟಿದವಳಿಗೂ ಪಾಲು ಬರುತ್ತೆ. ನಾವು ಶುರು ಮಾಡಿದಾಗ ವಾರಕ್ಕೆ ಹತ್ತು ರೂಪಾಯಿ ಉಳಿತಾಯ. 15 ಜನರದು ಸೇರಿ ವಾರಕ್ಕೆ 150, ವರ್ಷಕ್ಕೆ 7,800. ಅಷ್ಟರಲ್ಲೇ ಒಬ್ಬಳ ಹೆರಿಗೆ ಆಯಿತು, ಒಬ್ಬಳ ಮಗನ ಕಾಲೇಜು ಫೀಜು ಆಯಿತು, ಇನ್ನೊಬ್ಬಳು ಮಾರವಾಡಿ ಅಂಗಡಿಯಲ್ಲಿಟ್ಟ ಓಲೆ ಬಿಡಿಸಿಕೊಂಡಳು. ಯಾರಿಗೆ ಮೊದಲು ಕೊಡೋದು ಅಂತ ನಾವೇ ಕೂತು ಜಗಳ ಆಡಿ ತೀರ್ಮಾನ ಮಾಡ್ತಿದ್ದೆವು. ಸಂಘ ಅಂದರೆ ನನಗೆ ಆ ಜಗಳವೇ. ತನಗೆ ಯಾಕೆ ದುಡ್ಡು ಬೇಕು ಅಂತ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳೋದನ್ನ ನಮ್ಮ ಹೆಂಗಸರು ಅಲ್ಲಿ ಕಲಿತರು. ಆಮೇಲೇ ಗ್ರಾಮಸಭೆಯಲ್ಲಿ ಎದ್ದು ನಿಂತದ್ದು.

ಮಗಳು: ಇದೆಲ್ಲ ಅಂಗನವಾಡಿ ಟೀಚರ್ ಬಂದು ಮಾಡಿಸಿದ್ದಲ್ವಾ?

ದೊಡ್ಡಮ್ಮ: ನಮ್ಮೂರಿನದು ಹೌದು. 2000-01ರಲ್ಲಿ ಸ್ತ್ರೀಶಕ್ತಿ ಅಂತ ಸರ್ಕಾರ ತಂದಾಗ ಟೀಚರೇ ಮನೆಮನೆಗೆ ಬಂದು ಸೇರಿಸಿದರು. ಆದರೆ ಈ ಪದ್ಧತಿ ಅದಕ್ಕಿಂತ ಹಳೇದು. ಮೈರಾಡ ಅಂತ ಒಂದು ಸಂಸ್ಥೆ ಇದೆ, 1968ರಲ್ಲಿ ಟಿಬೆಟಿನಿಂದ ಬಂದವರಿಗೆ ನೆಲೆ ಮಾಡಿಕೊಡೋಕೆ ಹುಟ್ಟಿದ್ದು. ಅವರು ಹಳ್ಳಿಗಳಲ್ಲಿ ಸಹಕಾರ ಸಂಘ ಕಟ್ಟಿದ್ದರು. 1984-85ರ ಹೊತ್ತಿಗೆ ಆ ಸಂಘಗಳಲ್ಲಿ ಹಲವು ಮುರಿದುಬಿದ್ದವು. ಎಲ್ಲಾ ಒಬ್ಬ ದೊಡ್ಡ ಮನುಷ್ಯನ ಕೈಗೆ ಹೋಗಿತ್ತು. ಆಗ ಬಡವರು ಚಿಕ್ಕ ಚಿಕ್ಕ ಗುಂಪಾಗಿ ಬಂದು, ತಗೊಂಡ ಸಾಲ ತೀರಿಸ್ತೀವಿ, ಆದರೆ ಆ ಸೊಸೈಟಿಗೆ ಕಟ್ಟೋದಿಲ್ಲ ಅಂದರಂತೆ. ಹಾಗಾದರೆ ನೀವು ನೀವೇ ಒಬ್ಬರಿಗೊಬ್ಬರು ಕಟ್ಟಿಕೊಳ್ಳಿ ಅಂದರು ಸಂಸ್ಥೆಯವರು. ಗುಂಪು ಶುರುವಾದದ್ದೇ ಹಾಗೆ. 1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋಣ ಅಂತ ಪ್ರಯೋಗಕ್ಕೆ ಇಳಿಯಿತು. ಊರ ಯಜಮಾನನ ಕೈಗೆ ದುಡ್ಡು ಕೊಡಲ್ಲ ಅಂದ ಬಡವರು ಹುಟ್ಟಿಸಿದ್ದು ಇದು. ನೀನು ಸೆಂಟರ್ ಮೀಟಿಂಗಿಗೆ ಹೋದಾಗ ಅದು ನೆನಪಲ್ಲಿರಲಿ.

ಮಗಳು: ಈಗಿನ ಸಂಘಗಳಲ್ಲಿ ಆ ಯಜಮಾನನ ಜಾಗದಲ್ಲಿ ಯಜಮಾನತಿ ಕೂತಿದ್ದಾಳೆ ದೊಡ್ಡಮ್ಮ. ನಾನು ಊರೂರು ಸುತ್ತೋಳು, ನೋಡಿದೀನಿ. ಒಂದನೇ ಪ್ರತಿನಿಧಿ ಅಂತ ಒಬ್ಬಳೇ ಹತ್ತು ವರ್ಷ. ಚೆಕ್ ಬುಕ್ ಅವಳ ಮನೆ ಬೀರುವಿನಲ್ಲಿ. ದೊಡ್ಡ ಸಾಲ ಅವಳಿಗೇ. ಮೇಲಿನ ಬೀದಿಯವರದೊಂದು ಸಂಘ, ಕೇರಿಯವರದೊಂದು ಸಂಘ. ಕೇರಿ ಸಂಘದ ಕಡೆ ಬ್ಯಾಂಕಿನವರೂ ತಿರುಗಿ ನೋಡೋದಿಲ್ಲ. ಅಂಥವರೇ ನಮ್ಮ ಹತ್ತಿರ ಬರೋದು. ನಾವು ಜಾತಿ ಕೇಳದೆ ಕೊಡ್ತೀವಿ.

ದೊಡ್ಡಮ್ಮ: ಅದು ನಿಜ. ಸಂಘದವರಿಗೆ ಇದನ್ನ ಮುಖಕ್ಕೆ ಹೇಳಬೇಕು. ಪ್ರತಿನಿಧಿ ಬದಲಾಗಬೇಕು, ನಡಾವಳಿ ಪುಸ್ತಕ ಎಲ್ಲರೆದುರು ಓದಬೇಕು. ಪಂಚಸೂತ್ರ ಅಂತ ತರಬೇತಿಯಲ್ಲಿ ಬಾಯಿಪಾಠ ಮಾಡಿಸ್ತಾರೆ, ವಾರವಾರ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕ. ಅದರಲ್ಲಿ ಸಭೆ ನಿಂತುಹೋದ ಸಂಘದಲ್ಲಿ ಉಳಿದ ನಾಲ್ಕೂ ಒಬ್ಬಳ ಕೈಗೆ ಹೋಗ್ತವೆ. ಕೇರಿಯ ಸಂಘ, ಮೇಲಿನ ಬೀದಿ ಸಂಘ ಒಂದೇ ಒಕ್ಕೂಟದಲ್ಲಿ ಒಂದೇ ಜಮಖಾನೆ ಮೇಲೆ ಕೂರೋ ಹಾಗಾಗೋಕೆ ನಮ್ಮಲ್ಲಿ ಬಹಳ ಕಾಲ ಹಿಡಿಯಿತು. ಎಷ್ಟೋ ಊರಲ್ಲಿ ಇವತ್ತಿಗೂ ಆಗಿಲ್ಲ, ಅದು ನೋವಿನ ಮಾತು. ಆದರೆ ನಿಮ್ಮ ಮೀಟಿಂಗಿನಲ್ಲಿ ಹೆಂಗಸರು ಏನು ಮಾತಾಡ್ತಾರೆ ಹೇಳು.

ಮಗಳು: ಮಾತಾಡೋಕೆ ಹೊತ್ತೆಲ್ಲಿ? ಹಾಜರಿ, ಕಂತು, ಸಹಿ. ಇಪ್ಪತ್ತು ನಿಮಿಷದಲ್ಲಿ ಮುಂದಿನ ಸೆಂಟರ್. ಒಬ್ಬಳು ಬರಲಿಲ್ಲ ಅಂದರೆ ಉಳಿದವರು ಸೇರಿಸಿ ಕಟ್ಟೋತನಕ ಕೂತಿರ್ತೀನಿ.

ದೊಡ್ಡಮ್ಮ: ಅಡವಿಲ್ಲ ಅಂದೆಯಲ್ಲ, ಆ ಕೂತಿರೋ ಹೆಂಗಸರೇ ಅಡವು. ಕಂತು ತಪ್ಪಿದವಳ ಮನೆ ಮುಂದೆ ಅವಳ ಓರಗಿತ್ತಿಯೇ ಹೋಗಿ ಕೂಗಾಡಬೇಕು. 2025ರ ಜನವರಿಯಲ್ಲಿ ಏನಾಯಿತು ಅಂತ ನಿನಗೆ ನಾನು ಹೇಳಬೇಕಿಲ್ಲ. ನಮ್ಮ ಮಂಡ್ಯ, ಮೈಸೂರು, ರಾಮನಗರದ ಕಡೆಯಿಂದೆಲ್ಲ ಸಾಲಕ್ಕೆ ಹೆದರಿ ಜೀವ ಕಳಕೊಂಡವರ ಸುದ್ದಿ, ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಮಾಡಿತು. ಅದಕ್ಕಿಂತ ಮುಂಚೆ, 2009ರಲ್ಲೇ, ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರಿನಲ್ಲಿ ಹೆಂಗಸರು ಕಂತು ಕಟ್ಟೋದನ್ನ ನಿಲ್ಲಿಸಿದ್ದರು. ಒಬ್ಬೊಬ್ಬಳಿಗೆ ನಾಲ್ಕೈದು ಕಂಪನಿ ಸಾಲ, ಮೇಲೆ ರೇಷ್ಮೆ ಕೆಲಸ ಬಿದ್ದುಹೋಗಿತ್ತು. ಹದಿನಾರು ವರ್ಷ ಕಳೆದರೂ ಅದೇ ಕಥೆ.

ಮಗಳು: ನಮಗೂ ನಿಯಮ ಇದೆ ದೊಡ್ಡಮ್ಮ. 2022ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ್ದು. ಮನೆಯ ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಮೈಕ್ರೋ ಸಾಲ. ಎಲ್ಲಾ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಹೋಗಬಾರದು. ಸಾಲದ ಕಾರ್ಡು ಅವರಿಗೆ ತಿಳಿಯೋ ಭಾಷೆಯಲ್ಲೇ ಇರಬೇಕು.

ದೊಡ್ಡಮ್ಮ: ಆ ಕಾರ್ಡನ್ನ ನೀನು ಯಾವತ್ತಾದರೂ ಗಟ್ಟಿಯಾಗಿ ಓದಿ ಹೇಳಿದೀಯಾ?

ಮಗಳು: ಸಹಿ ಹಾಕಿಸಿಕೊಳ್ತೀನಿ.

ದೊಡ್ಡಮ್ಮ: ಓದು. ಅದಕ್ಕೇನೂ ಖರ್ಚಿಲ್ಲ. ಆದಾಯದ ಅರ್ಧ ಅಂತೀಯ, ಆ ಆದಾಯದ ಕಾಲಂನಲ್ಲಿ ಏನು ಬರೆದಿದೀಯ ಅಂತ ಅವಳಿಗೆ ಗೊತ್ತಾಗಲಿ. ಸಂಘದಲ್ಲಿ ಒಂದು ದಿನ ನಾನೂ ಹೀಗೇ ಬಡ್ಡಿ ಲೆಕ್ಕವನ್ನ ಅಂಗನವಾಡಿಯ ಕರಿಹಲಗೆ ಮೇಲೆ ಬರೆದು ತೋರಿಸಿದೆ. ಇಲ್ಲೊಬ್ಬ ಕೈಸಾಲ ಕೊಡೋನು, ಒಂದೇ ರೂಪಾಯಿ ಬಡ್ಡಿ, ನಿಮ್ಮ ಸಂಘಕ್ಕಿಂತ ಅಗ್ಗ ಅಂತ ಹೇಳಿಕೊಂಡು ತಿರುಗ್ತಿದ್ದ. 20 ಸಾವಿರ ಕೊಡ್ತಾನೆ. ವರ್ಷಕ್ಕೆ ಬಡ್ಡಿ 2,400. ಒಟ್ಟು 22,400ನ ಹನ್ನೆರಡು ಕಂತು ಮಾಡಿ ತಿಂಗಳಿಗೆ 1,867. ಕೇಳೋಕೆ ನೂರಕ್ಕೆ 12. ಆದರೆ ಆರು ಕಂತು ಕಟ್ಟಿದ ಮೇಲೆ ಅವಳ ಕೈಯಲ್ಲಿ ಉಳಿದಿರೋ ಅಸಲು ಅರ್ಧ, ಬಡ್ಡಿ ಮಾತ್ರ ಪೂರ್ತಿ 20 ಸಾವಿರದ ಮೇಲೆ ನಡೀತಾನೇ ಇರುತ್ತೆ. ಉಳಿದ ಅಸಲಿಗೆ ಲೆಕ್ಕ ಹಾಕಿದರೆ ನೂರಕ್ಕೆ 22ರ ಹತ್ತಿರ ನಿಲ್ಲುತ್ತೆ. ನಮ್ಮ ಸಂಘದಲ್ಲಿ ಎರಡು ರೂಪಾಯಿ ಅಂದರೂ ಉಳಿದ ಅಸಲಿಗೇ ಬಡ್ಡಿ. ಎರಡೂ ಪಕ್ಕಪಕ್ಕ ಬರೆದಾಗ ಅರವತ್ತು ದಾಟಿದ ಒಬ್ಬಾಕೆ ಎದ್ದು ಬಂದು, ಹಲಗೆ ಮೇಲೆ ಬೆರಳಿಟ್ಟು, ಏಳನೇ ಕಂತಿನ ಸಾಲಿಂದ ಕೆಳಕ್ಕೆ ಒಂದೊಂದೇ ಎಣಿಸಿದಳು. ಆಕೆಗೆ ಓದೋಕೆ ಬರೋದಿಲ್ಲ, ಲೆಕ್ಕ ಬರುತ್ತೆ. ಆವತ್ತಿನಿಂದ ಅವನ ಸಾಲ ನಮ್ಮ ಬೀದಿಗೆ ಬರಲಿಲ್ಲ.

ಮಗಳು: ಅದೊಂದು ಒಳ್ಳೇ ಕೆಲಸ ಆಯಿತು. ಆದರೂ ನೀನು ಹೇಳಿದ ಪಹಣಿ ಮಾತಿಗೆ ಕರಿಹಲಗೆಯಿಂದ ಪರಿಹಾರ ಸಿಗೋದಿಲ್ಲ. ಹೆಸರು ಗಂಡಂದು, ಗಂಡನಿಲ್ಲದಿದ್ದರೆ ಮಾವಂದು. ಸಂಘ ಏನು ಮಾಡೋಕಾಗುತ್ತೆ?

ದೊಡ್ಡಮ್ಮ: ನೆಲದಷ್ಟು ದೊಡ್ಡದಕ್ಕೆ ಕೈ ಹಾಕೋ ಮೊದಲು ಹಾಲಿನಿಂದ ಶುರು ಮಾಡಿದೆವು. ಸಂಘದಲ್ಲಿ ಒಬ್ಬಳು ಹಸುವಿಗೆ ಸಾಲ ತಗೊಂಡಳು. ಹುಲ್ಲು ಅವಳೇ ಕೊಯ್ತಾಳೆ, ಕರೆಯೋದೂ ಅವಳೇ, ಕ್ಯಾನು ಹಿಡಿದು ಡೈರಿಗೆ ಹೋಗಿ ಹಾಲು ಹಾಕೋಳೂ ಅವಳೇ. ಫ್ಯಾಟು ಇವತ್ತೆಷ್ಟು ಬಂತು, ಯಾಕೆ ಇಳೀತು, ಬೂಸಾ ಬದಲಾಯಿಸಿದ್ದಕ್ಕಾ ಅಂತ ಅವಳಿಗೇ ಗೊತ್ತು. ಡೈರಿ ಪುಸ್ತಕ ಮಾತ್ರ ಗಂಡನ ಹೆಸರಲ್ಲಿ. ಬಟವಾಡೆ ಅವನ ಖಾತೆಗೆ. ಸರ್ಕಾರ ಲೀಟರಿಗೆ ಕೊಡೋ 5 ರೂಪಾಯಿ ಪ್ರೋತ್ಸಾಹಧನವೂ ಅಲ್ಲಿಗೇ. ಅವನು ಅದನ್ನ ಬಾರಿಗೆ ಸುರೀತಿದ್ದ, ಇವಳು ಸಂಘಕ್ಕೆ ಬಂದು ತಲೆ ತಗ್ಗಿಸಿ ನಿಲ್ತಿದ್ದಳು. ಎರಡು ತಿಂಗಳು ಕಂತು ಬರಲಿಲ್ಲ. ನಿಮ್ಮ ಕಂಪನಿಯಾಗಿದ್ದರೆ ಏನು ಮಾಡ್ತಿತ್ತು?

ಮಗಳು: ಗುಂಪಿನವರಿಂದ ಕಟ್ಟಿಸ್ತಿದ್ದೆ.

ದೊಡ್ಡಮ್ಮ: ನಾವು ಒಂದು ಠರಾವು ಬರೆದೆವು. ಹೈನಕ್ಕೆ ಸಾಲ ಬೇಕಾದರೆ ಡೈರಿ ಪುಸ್ತಕ ಸಾಲ ತಗೊಂಡ ಹೆಂಗಸಿನ ಹೆಸರಲ್ಲಿರಬೇಕು. ಅದನ್ನ ಹಿಡಕೊಂಡು ಒಂಬತ್ತು ಜನ ಡೈರಿಗೆ ಹೋದೆವು. ಕಾರ್ಯದರ್ಶಿ, ಮನೆಗೊಂದೇ ಸದಸ್ಯತ್ವ, ಬೈಲಾದಲ್ಲಿ ಹಾಗಿದೆ ಅಂದ. ಯಾವ ಪುಟದಲ್ಲಿದೆ ತೋರಿಸಪ್ಪಾ ಅಂದೆವು. ಬೈಲಾ ಪುಸ್ತಕ ಅಧ್ಯಕ್ಷರ ಮನೇಲಿದೆ ಅಂದ. ಅಧ್ಯಕ್ಷರ ಮನೆ ಜಗಲಿ ಮೇಲೂ ಹೋಗಿ ಕೂತೆವು. ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಊರಿಗೆ ಬರೋ ದಿನ ಕಾದು, ಅರ್ಜಿ ಬರೆದು, ಹಿಂಬರಹ ಬೇಕು ಅಂತ ಪಟ್ಟು ಹಿಡಿದೆವು. ಒಂದೇ ಮನೆಯಲ್ಲಿ ಒಬ್ಬರೇ ಸದಸ್ಯರಿರಲಿ, ಆ ಒಬ್ಬರು ಹಾಲು ಹಾಕೋಳೇ ಯಾಕಾಗಬಾರದು ಅಂತ ಕೇಳಿದ್ದಕ್ಕೆ ಆತನಲ್ಲಿ ಉತ್ತರ ಇರಲಿಲ್ಲ. ಮೂರು ಪುಸ್ತಕ ಆಗಲೇ ಹೆಸರು ಬದಲಾದವು. ಆಮೇಲೆ ಒಂದೊಂದೇ ಆಗ್ತಾ ಬಂದವು.

ಮಗಳು: ಅವಳ ಗಂಡ ಸುಮ್ಮನಿದ್ದನಾ?

ದೊಡ್ಡಮ್ಮ: ಇರಲಿಲ್ಲ. ಅವಳನ್ನ ಹೊಡೆದ. ಒಂಬತ್ತು ಜನವೂ ಅವನ ಬಾಗಿಲಿಗೆ ಹೋದೆವು, ಆ ರಾತ್ರಿ ಅವಳು ನಮ್ಮ ಮನೆಯಲ್ಲಿ ಮಲಗಿದಳು. ಆರ್ಥಿಕ ಸಬಲೀಕರಣ ಅಂತ ಬರೆಯೋರು ಇದನ್ನ ಬರೆಯೋದಿಲ್ಲ, ಬರೀಬೇಕು. ಹೆಂಗಸಿನ ಕೈಗೆ ದುಡ್ಡು ಬಂದ ದಿನವೇ ಮನೆಯಲ್ಲಿ ಏಟು ಬೀಳಬಹುದು. ಅವಳ ಹಿಂದೆ ನಾಲ್ಕು ಜನ ಇಲ್ಲದೆ ಖಾತೆಗೆ ಬರೀ ದುಡ್ಡು ಹಾಕಿದರೆ ಅವಳನ್ನ ಒಂಟಿ ಮಾಡಿದ ಹಾಗೆ.

ಮಗಳು: ಗೃಹಲಕ್ಷ್ಮಿ ದುಡ್ಡಿಗೂ ಹೀಗೇ ಅಂತೀಯಾ?

ದೊಡ್ಡಮ್ಮ: ಆ ಯೋಜನೆ ಒಳ್ಳೇದೇ. 2023ರ ಆಗಸ್ಟಿನಿಂದ ತಿಂಗಳಿಗೆ 2,000, ಮನೆ ಯಜಮಾನಿ ಅಂತ ಅವಳ ಹೆಸರು ಬರೆದು ಕೊಟ್ಟದ್ದು. ಕಂತು ತಡವಾದಾಗ ಹೆಂಗಸರು ಪಂಚಾಯ್ತಿಗೆ ಹೋಗಿ, ನಮ್ಮ ದುಡ್ಡೆಲ್ಲಿ ಅಂತ ಕೇಳ್ತಾರಲ್ಲ, ನನಗೆ ಅದು ಬಹಳ ಮುಖ್ಯ. ಎಟಿಎಂ ಕಾರ್ಡು ಮಗನ ಜೇಬಿನಲ್ಲಿರೋ ಮನೆಗಳೂ ಇವೆ. ಅಂಥ ಕಡೆ ಸಂಘದಲ್ಲಿ ನಾವು ಮಾಡಿಸೋದು ಇಷ್ಟೇ, ಪಾಸ್‌ಬುಕ್ ತಂದು ಎಂಟ್ರಿ ಹಾಕಿಸಿ ಅವಳಿಗೇ ಓದಿ ಹೇಳೋದು. ಎಷ್ಟು ಬಂತು, ಯಾವ ದಿನ ತೆಗೆದರು ಅಂತ ತಿಳಿದ ಮೇಲೆ ಮನೆಯಲ್ಲಿ ಕೇಳೋದು ಅವಳಿಗೆ ಬಿಟ್ಟದ್ದು.

ಮಗಳು: ಸಾಲ ಬಿಟ್ಟು, ವಸೂಲಿ ಬಿಟ್ಟು, ತಾವೇ ದುಡಿದು ಮಾರಾಟಕ್ಕೆ ನಿಂತ ಸಂಘ ಎಲ್ಲಾದರೂ ಇದೆಯಾ? ಹಪ್ಪಳ, ಉಪ್ಪಿನಕಾಯಿ ಹೇಳಬೇಡ.

ದೊಡ್ಡಮ್ಮ: ಹಪ್ಪಳ ಮಾಡೋಳ ಶ್ರಮ ಕಡಿಮೆಯೇನಲ್ಲ. ಆದರೂ ಹೇಳ್ತೀನಿ, ಕುಂದಗೋಳದ ತೀರ್ಥ ಗ್ರಾಮದ ಬೀಬಿ ಫಾತಿಮಾ ಸಂಘ. 2018ರಲ್ಲಿ ಶುರು ಮಾಡಿದ್ದು. ಸಾವೆ, ನವಣೆ, ಕೊರಲೆ ಬೀಜ ಉಳಿಸಿ ಬೀಜ ಬ್ಯಾಂಕು ಮಾಡಿದರು, ಸಿರಿಧಾನ್ಯ ಸಂಸ್ಕರಣೆಗೆ ತಾವೇ ಯಂತ್ರ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸಾವೆಯನ್ನ ಹಾಗೇ ಮಾರಿದರೆ ದಲ್ಲಾಳಿ ಹೇಳಿದ್ದೇ ರೇಟು, ಅಕ್ಕಿ ಮಾಡಿ ಮಾರಿದರೆ ತಾವು ಹೇಳಿದ್ದು ನಡೆಯುತ್ತೆ. ಯಂತ್ರ ಯಾರದೋ ಅವರ ಮಾತು ನಡೆಯುತ್ತೆ. ನನ್ನ ಮಾತು ತಿರುಗಿ ಅಲ್ಲಿಗೇ ಬಂತು ನೋಡು, ಹೆಸರು, ಒಡೆತನ.

ಮಗಳು: ಹಾಗಾದರೆ ನಮ್ಮ ಮನೆ ವಿಷಯವೇ ಕೇಳ್ತೀನಿ. ಮಾವ ಫೋನ್ ಮಾಡಿದ್ದರು. ತಾತನ ಜಮೀನಿಗೆ ಪೌತಿ ಖಾತೆ ಮಾಡಿಸ್ಬೇಕು, ನೀನೂ ಅಕ್ಕನೂ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಅಂತ ಅಮ್ಮನಿಗೆ ಹೇಳಿದರು. ಅಮ್ಮ ಹೂಂ ಅಂದಿದ್ದಾಳೆ. ಸಹಿ ಹಾಕದಿದ್ದರೆ ತವರು ತಪ್ಪಿಹೋಗುತ್ತೆ ಅಂತ ಅವಳ ಭಯ.

ದೊಡ್ಡಮ್ಮ: ನನಗೂ ಮಾಡಿದ್ದ. ನಾನು ಸಹಿ ಹಾಕೋದಿಲ್ಲ ಅಂದಿದೀನಿ. ನಿಮ್ಮಮ್ಮನ ಭಯ ಸುಳ್ಳಲ್ಲ. ಗೌರಿ ಹಬ್ಬಕ್ಕೆ ಬಾಗಿನ ಬರೋದು ಆ ಬಾಗಿಲಿಂದಲೇ. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು ಎಷ್ಟು ಅಕ್ಕತಂಗಿಯರ ಸಹಿ ತಗೊಂಡಿದ್ದಾರೋ ಈ ತಾಲ್ಲೂಕಿನಲ್ಲಿ! ಕಾನೂನು ನಮ್ಮ ಕಡೆ ಇದೆ. 1994ರಲ್ಲೇ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ತಂತು. ಆಗಲೇ ಮದುವೆ ಆಗಿದ್ದವರನ್ನ ಮಾತ್ರ ಬಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆ ಆದವರು, ಆಗದವರು ಅಂತ ಭೇದ ಇಲ್ಲ. ಅಪ್ಪ 2005ಕ್ಕೆ ಮುಂಚೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಒಂದು ಸಹಿ ಹಾಕಿಬಿಟ್ಟರೆ ಅದನ್ನೆಲ್ಲ ನಾವೇ ಬಿಟ್ಟುಕೊಟ್ಟ ಹಾಗೆ.

ಮಗಳು: ಕೋರ್ಟು ಕಚೇರಿ ಅಂದರೆ ಅಮ್ಮ ನಡುಗ್ತಾಳೆ. ಲಾಯರ್ ಫೀಜು ಎಲ್ಲಿಂದ?

ದೊಡ್ಡಮ್ಮ: ಕೋರ್ಟಿಗೆ ಹೋಗೋಣ ಅಂತ ನಾನೆಲ್ಲಿ ಹೇಳಿದೆ? ಹೋಗಬೇಕಾಗಿ ಬಂದರೂ ಹೆಂಗಸರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಬಿಟ್ಟಿ ಸಿಗ್ತಾರೆ. ಆದಾಯ ಎಷ್ಟು ಅಂತ ಕೇಳೋ ಹಾಗಿಲ್ಲ. ಕೋರ್ಟಿನ ಆವರಣದಲ್ಲೇ ಅದರ ಆಫೀಸು. ಈಗ ನೀನು ಮಾಡಬೇಕಾದ್ದು ಹೇಳ್ತೀನಿ. ನಾಡಕಚೇರಿಗೆ ಹೋಗಿ, ಮಾವ ಕೊಟ್ಟಿರೋ ವಂಶವೃಕ್ಷದ ನಕಲು ತಗೋ. ಅದರಲ್ಲಿ ನಿಮ್ಮಮ್ಮನ ಹೆಸರು, ನನ್ನ ಹೆಸರು ಇದೆಯಾ ನೋಡು. ಹೆಣ್ಣುಮಕ್ಕಳನ್ನ ಬಿಟ್ಟು ಬರೆಸೋದು ಮಾಮೂಲು. ಬಿಟ್ಟಿದ್ದರೆ ಅವತ್ತೇ ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ತಗೋ.

ಮಗಳು: ಮಾವನ ಜೊತೆ ಮಾತು ಬಿಟ್ಟುಹೋದರೆ?

ದೊಡ್ಡಮ್ಮ: ಅವನು ನನ್ನ ಬೆನ್ನ ಮೇಲೆ ಆಡಿ ಬೆಳೆದ ತಮ್ಮ ಕಣೇ. ಜಮೀನು ಭಾಗ ಮಾಡಿ ಬೇಲಿ ಹಾಕು ಅಂತ ನಾನು ಕೇಳ್ತಿಲ್ಲ. ಮೂವರ ಹೆಸರಲ್ಲೂ ಜಂಟಿ ಖಾತೆ ಆಗಲಿ, ಉಳುಮೆ ಅವನೇ ಮಾಡಲಿ, ಸುಗ್ಗಿಗೆ ಎರಡು ಮೂಟೆ ರಾಗಿ ಕಳಿಸಲಿ. ಪಹಣಿಯಲ್ಲಿ ನಿಮ್ಮಮ್ಮನ ಹೆಸರು ಬಂದರೆ ಅವಳೂ ವಿಎಸ್‌ಎಸ್‌ಎನ್‌ನಲ್ಲಿ ಷೇರು ಕಟ್ಟಿ ಸದಸ್ಯೆ ಆಗಬಹುದು. ನಾಡಿದ್ದು ಭಾನುವಾರ ನಾನೇ ನಿಮ್ಮ ಮನೆಗೆ ಬರ್ತೀನಿ ಅಂತ ಹೇಳು. ಅವಳನ್ನ ಕೂರಿಸಿಕೊಂಡು ಅಲ್ಲಿಂದಲೇ ಅವನಿಗೆ ಫೋನ್ ಮಾಡ್ತೀನಿ. ಅಷ್ಟರೊಳಗೆ ವಂಶವೃಕ್ಷ ನಿನ್ನ ಕೈಯಲ್ಲಿರಬೇಕು.

ಮಗಳು: ನಾಳೆ ಬೆಳಿಗ್ಗೆ ನಾಡಕಚೇರಿ ಪಕ್ಕದ ಬೀದಿಯಲ್ಲೇ ನನ್ನ ಸೆಂಟರ್ ಇದೆ. ಹತ್ತು ಗಂಟೆಗೆ ಕಂತು ಮುಗಿಸಿ ಹೋಗ್ತೀನಿ. ಅರ್ಜಿ ಹೇಗೆ ಬರೀಬೇಕು, ಈಗಲೇ ಹೇಳು, ಬರಕೊಳ್ತೀನಿ.